ಒಂದೇ ತೊಟ್ಟಿಯ ಎರಡು ಆಮೆಗಳು ಕಚ್ಚಾಡುವುದೇಕೆ?

ಕಲಬುರಗಿಯ ಮನೆಗಳಲ್ಲಿ ಗಾಜಿನ ತೊಟ್ಟಿಯೊಳಗೆ ಈಜುವ ಆಮೆ ಬಹುಮಟ್ಟಿಗೆ ಕೆಂಪು ಕಿವಿಯ ಸ್ಲೈಡರ್ ಆಗಿರುತ್ತದೆ. ಅಮೆರಿಕದ ಮಿಸಿಸಿಪ್ಪಿ ನದಿ ಕಣಿವೆಯ ಈ ಪ್ರಾಣಿಯನ್ನು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಿರುವಾಗಲೇ ಮಾರುತ್ತಾರೆ. ಒಂಟಿಯಾದರೆ ಬೇಸರಪಟ್ಟೀತು ಎಂಬ ಮರುಕದಿಂದ ನಾವು ಎರಡನ್ನು ಕೊಂಡು ತರುತ್ತೇವೆ. ಆದರೆ ಆಮೆಗೆ ಜೊತೆಗಾರರ ಅಗತ್ಯವಿಲ್ಲ. ಜಗಳದ ಬೀಜ ಆ ಮರುಕದಲ್ಲಿಯೇ ಅಡಗಿರುತ್ತದೆ.

ಮರಿಯಲ್ಲಿ ಗಂಡು ಹೆಣ್ಣೆಂದು ಹೊರನೋಟಕ್ಕೆ ಗುರುತಿಸಲಾಗದು. ಕೆಲವು ವರ್ಷಗಳ ನಂತರ ಗಂಡಿನ ಮುಂಗಾಲಿನ ಉಗುರುಗಳು ಉದ್ದವಾಗಿ, ಬಾಲ ದಪ್ಪವಾದಾಗಲಷ್ಟೇ, ತೊಟ್ಟಿಯಲ್ಲಿರುವುದು ಎರಡು ಗಂಡುಗಳೋ ಅಥವಾ ಒಂದು ಜೋಡಿಯೋ ಎಂಬುದು ತಿಳಿಯುತ್ತದೆ. ಎರಡೂ ಗಂಡಾಗಿದ್ದರೆ ಕಾಲು, ಬಾಲ, ಕತ್ತುಗಳಿಗೆ ಕಚ್ಚಾಟ ಶುರುವಾಗಬಹುದು. ಜೋಡಿಯಾಗಿದ್ದರೆ ಗಂಡು ಹೆಣ್ಣಿನ ಮುಖದೆದುರು ಉಗುರುಗಳನ್ನು ಅದುರಿಸುತ್ತ ಬೆನ್ನು ಹತ್ತುತ್ತದೆ. ಹೊಳೆಯಲ್ಲಾದರೆ ಹೆಣ್ಣು ದೂರ ಈಜಿ ಪಾರಾಗುತ್ತಿತ್ತು. ಗಾಜಿನ ಗೋಡೆಗಳ ನಡುವೆ ಅದಕ್ಕೆ ಓಡಲು ಜಾಗವೆಲ್ಲಿದೆ?

ಬಿಸಿಲು ಕಾಯುವ ಕಲ್ಲಿಗಾಗಿ ನಡೆಯುವ ಪೈಪೋಟಿಯನ್ನು ನಾವು ಬಹಳ ಸಲ ತಪ್ಪಾಗಿ ಓದುತ್ತೇವೆ. ಒಂದರ ಮೇಲೊಂದು ಹತ್ತಿ ಕುಳಿತಿರುವುದು ಪ್ರೀತಿಯಂತೆ ಕಂಡರೂ, ಸಾಮಾನ್ಯವಾಗಿ ಅದು ಜಾಗದ ಕೊರತೆಯ ಲಕ್ಷಣ. ಆಮೆಗೆ ಮೈ ಬೆಚ್ಚಗಾಗಲು ಹೊರಗಿನ ಶಾಖವೇ ಬೇಕು. ಕೆಳಗೆ ಸಿಕ್ಕಿಕೊಂಡದ್ದಕ್ಕೆ ಆ ಶಾಖವೂ ಕಲ್ಲಿನ ಮೇಲೆ ಹಾಕಿರುವ ದೀಪದ ಬೆಳಕೂ ಕಡಿಮೆಯಾಗಿ, ಅದು ಕ್ರಮೇಣ ಆಹಾರ ಬಿಟ್ಟು ಸೊರಗುತ್ತದೆ. ಗಾಯವಿಲ್ಲದ ಈ ದಬ್ಬಾಳಿಕೆ ಕಚ್ಚಾಟದಷ್ಟೇ ಕ್ರೂರವೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಭಾಗದ ಬೇಸಿಗೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ಈ ಆಮೆಗೆ ಸುಮಾರು 24ರಿಂದ 27 ಡಿಗ್ರಿ ಸೆಲ್ಸಿಯಸ್‌ನ ನೀರು ಹಿತಕರ. ಹೊರಗೆ 40 ಡಿಗ್ರಿ ದಾಟುವ ದಿನಗಳಲ್ಲಿ ಕಿಟಕಿಯ ಪಕ್ಕದ ತೊಟ್ಟಿ ಬೇಗ ಕಾಯುತ್ತದೆ. ಅದನ್ನು ನೆರಳಿಗೆ ಸರಿಸಬೇಕು.

ರಕ್ತ ಕಂಡೊಡನೆ ಎರಡನ್ನೂ ಬೇರೆ ಬೇರೆ ತೊಟ್ಟಿಗೆ ಹಾಕಬೇಕು. ಅವೇ ರಾಜಿಯಾಗಲಿ ಎಂದು ಕಾಯುವುದು ಸಲ್ಲದು. ಕೊಳಕು ನೀರಿನಲ್ಲಿ ಗಾಯ ಬೇಗ ಕೀವಾಗುವುದರಿಂದ ಪಶುವೈದ್ಯರಿಗೆ ತೋರಿಸಬೇಕು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲಿಯೇ ಇರುವುದರಿಂದ ಈ ಭಾಗದವರು ಅಲ್ಲಿ ವಿಚಾರಿಸಬಹುದು. ಜಗಳ ಬರೀ ಊಟದ ಹೊತ್ತಿನದಾಗಿದ್ದರೆ ಬೇರೆ ಬೇರೆ ಪಾತ್ರೆಯಲ್ಲಿ ತಿನ್ನಿಸಿ, ಬಿಸಿಲು ಕಾಯಲು ಎರಡು ಕಟ್ಟೆಗಳನ್ನು ಇಟ್ಟು ನೋಡಬಹುದು. ಪ್ರಾಯದ ಗಂಡುಗಳ ಕಚ್ಚಾಟಕ್ಕೆ ಮಾತ್ರ ಶಾಶ್ವತ ಬೇರ್ಪಡಿಕೆಯೇ ನಂಬಬಹುದಾದ ಪರಿಹಾರ.

ಸಾಕಲಾಗದೆ ಸೋತವರು ಒಂದನ್ನು ಕಲಬುರಗಿಯ ಅಪ್ಪನ ಕೆರೆಗೋ ಭೀಮಾ ನದಿಗೋ ಬಿಟ್ಟು ಬರುವ ಯೋಚನೆ ಮಾಡಬಾರದು. ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯೂ ಇದೆ. ಅದು ಸ್ಥಳೀಯ ಆಮೆಗಳ ಆಹಾರಕ್ಕೂ ನೆಲೆಗೂ ಪೈಪೋಟಿ ಒಡ್ಡುತ್ತದೆ. ನೋಡಿಕೊಳ್ಳಲಾಗದಿದ್ದರೆ, ದಶಕಗಳ ಕಾಲ ಬದುಕಬಲ್ಲ ಈ ಜೀವವನ್ನು ದೊಡ್ಡ ತೊಟ್ಟಿಯಿರುವ, ಸಾಕಿ ಅನುಭವವಿರುವವರ ಕೈಗೆ ಒಪ್ಪಿಸಬೇಕು.