ಜಿಲ್ಲೆ ಸಣ್ಣದಾಯಿತು, ಕಚೇರಿ ದೊಡ್ಡದಾಯಿತು

ನಮ್ಮ ಸೋದರತ್ತೆಯ ಟ್ರಂಕಿನಲ್ಲಿ ಒಂದು ಖರೀದಿ ಪತ್ರ ಇದೆ. 1951ರದ್ದು. ಮಡಿಕೆ ಬಿದ್ದಲ್ಲೆಲ್ಲ ಹರಿದು, ಹಿಂದೆ ತೆಳು ಬಟ್ಟೆ ಅಂಟಿಸಿದ್ದಾರೆ. ಅದರಲ್ಲಿರುವುದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ, ಬರಹವೆಲ್ಲ ತೆಲುಗು. ಹೊಲ ಕುರುಗೋಡಿನ ಕಡೆ. ಅದು ಇದ್ದಲ್ಲೇ ಇದೆ, ಆದರೆ ಅದರ ವಿಳಾಸ ಮದ್ರಾಸ್, ಮೈಸೂರು, ಕರ್ನಾಟಕ ಅಂತ ಎರಡು ಸಲ ಬದಲಾಗಿದೆ. ಮೊನ್ನೆ ಮೊನ್ನೆ ತಾಲ್ಲೂಕೂ ಬದಲಾಯಿತು.

ಆ ಪತ್ರ ಹಿಡಿದು ಅತ್ತೆಯ ಜೊತೆ ಬಳ್ಳಾರಿಯ ಒಂದು ಕಚೇರಿಗೆ ಹೋಗಿದ್ದೆ. ನಮಗೆ ಬೇಕಾದ ಕೋಣೆ ಎರಡನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ ‘ಕೆಟ್ಟಿದೆ’ ಅಂತ ಬರೆದ ರಟ್ಟು ನೇತುಹಾಕಿದ್ದರು. ರಟ್ಟಿನ ಮೇಲೆ ಕೂತಿದ್ದ ಧೂಳು ನೋಡಿದರೆ ಅದು ಕೆಟ್ಟು ಬಹಳ ದಿನ ಆಗಿರಬೇಕು. ಮೊಣಕಾಲು ಹಿಡಿದುಕೊಂಡು ಅತ್ತೆ ಕೇಳಿದರು: “ಇನ್ನೆಷ್ಟು ಮೆಟ್ಲು ಅದಾವೋ ತಮ್ಮಾ?”

ಈ ಮೆಟ್ಟಿಲು ಎಲ್ಲಿಂದ ಬಂದವು?

ಬಳ್ಳಾರಿಯಲ್ಲಿ ಅಧಿಕಾರ ಮೊದಲು ಕೂತಿದ್ದು ಗುಡ್ಡದ ಮೇಲೆ. ವಿಜಯನಗರದ ಕೈಕೆಳಗಿದ್ದ ಪಾಳೇಗಾರ ಹನುಮಪ್ಪ ನಾಯಕ ಮೇಲಿನ ಕೋಟೆ ಕಟ್ಟಿಸಿದ. ಹೈದರ್ ಅಲಿ ಕಾಲದಲ್ಲಿ ಅದು ರಿಪೇರಿ ಆಯಿತು, ಕೆಳಗಿನ ಕೋಟೆ ಎದ್ದಿತು. ಆ ಕೆಲಸ ನೋಡಿಕೊಂಡ ಫ್ರೆಂಚ್ ಎಂಜಿನಿಯರ್‌ನ ಕತೆ ಊರಲ್ಲಿ ಎಲ್ಲರಿಗೂ ಗೊತ್ತು. ಕೆಲಸ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡವೇ ಕೋಟೆಗಿಂತ ಎತ್ತರ! ಅಲ್ಲಿ ತೋಪು ಇಟ್ಟರೆ ಕೋಟೆ ಕತೆ ಮುಗಿಯಿತು. ಹೈದರ್ ಸಿಟ್ಟಾಗಿ ಅವನನ್ನು ಗಲ್ಲಿಗೇರಿಸಿದನಂತೆ. ಸಮಾಧಿ ಕೋಟೆಯ ಪೂರ್ವದ ಬಾಗಿಲ ಹತ್ತಿರವೇ ಇದೆ ಅನ್ನುತ್ತಾರೆ. ನಿಜವೋ ಸುಳ್ಳೋ, ಕಟ್ಟಡದ ಎತ್ತರದ ಲೆಕ್ಕ ತಪ್ಪಿದ್ದಕ್ಕೆ ಇಷ್ಟು ದೊಡ್ಡ ದಂಡ ತೆತ್ತವರು ಈ ಸೀಮೆಯಲ್ಲಿ ಬೇರೆ ಇರಲಿಕ್ಕಿಲ್ಲ.

1792ರಲ್ಲಿ ಟಿಪ್ಪು ಸೋತಾಗ ಬಳ್ಳಾರಿ ನಿಜಾಮರ ಪಾಲಾಯಿತು. ತಮ್ಮಲ್ಲಿದ್ದ ಇಂಗ್ಲಿಷ್ ಸೈನ್ಯದ ಖರ್ಚಿಗಾಗಿ ನಿಜಾಮರು 1800ರಲ್ಲಿ ಅದನ್ನು ಕಂಪನಿಗೆ ಬಿಟ್ಟುಕೊಟ್ಟರು. ಬಳ್ಳಾರಿಯ ಜೊತೆ ಅನಂತಪುರ, ಕಡಪ ಸೀಮೆ, ಕರ್ನೂಲಿನ ಒಂದಷ್ಟು ಭಾಗವೂ ಹೋಯಿತು. ಇಷ್ಟಕ್ಕೂ ಸೇರಿ ಒಬ್ಬನೇ ಮುಖ್ಯ ಕಲೆಕ್ಟರ್, ಥಾಮಸ್ ಮನ್ರೋ. ಕೈಕೆಳಗೆ ಕೆಲವು ಸಹಾಯಕರು. ಮನ್ರೋ ವರ್ಷದ ಹೆಚ್ಚು ದಿನ ಡೇರೆಯಲ್ಲೇ ಇರುತ್ತಿದ್ದ. ಊರೂರಿಗೆ ಹೋಗಿ, ಡೇರೆ ಹಾಕಿ, ರೈತರನ್ನು ಕೂರಿಸಿಕೊಂಡು ಕಂದಾಯ ಗೊತ್ತು ಮಾಡುತ್ತಿದ್ದ. ಕಚೇರಿ ಅಂದರೆ ಅವನ ಡೇರೆ. ಮೆಟ್ಟಿಲೇ ಇಲ್ಲ, ಅಲ್ವಾ? ಅವನನ್ನು ಹೊಗಳುತ್ತಿಲ್ಲ. ಅಷ್ಟೆಲ್ಲ ಸುತ್ತಿದ್ದು ಕಂದಾಯ ಚೆನ್ನಾಗಿ ವಸೂಲಾಗಲಿ ಅಂತಲೇ.

ಮುಂದಿನದು ಬರೀ ಹಂಚಿಕೆಯ ಕತೆ. 1808ರಲ್ಲಿ ಈ ಸೀಮೆ ಬಳ್ಳಾರಿ, ಕಡಪ ಅಂತ ಎರಡು ಜಿಲ್ಲೆ ಆಯಿತು. 1882ರಲ್ಲಿ ಅನಂತಪುರ ಬೇರೆ ಆಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಉಳಿದದ್ದು ಮೈಸೂರಿಗೆ ಸೇರಿತು. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನುವುದಕ್ಕೆ ಎಷ್ಟು ಜಗಳ ಆಯಿತೆಂದರೆ, ಅದೊಂದಕ್ಕೇ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ ನಡೆಯಬೇಕಾಯಿತು. ಕೊನೆಗೆ 2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಸೇರಿ ವಿಜಯನಗರ ಜಿಲ್ಲೆ ಆಯಿತು. ಈಗ ಬಳ್ಳಾರಿಗೆ ಉಳಿದಿರುವುದು ಐದು ತಾಲ್ಲೂಕು: ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು.

ನೆಲ ಹೀಗೆ ಕರಗುತ್ತಾ ಬಂದರೆ ಕಚೇರಿಗಳೂ ಕಡಿಮೆ ಆಗಬೇಕಿತ್ತು. ಆಗಿದ್ದು ಉಲ್ಟಾ.

ಬ್ರಿಟಿಷರ ಕಾಲದ ಕಲೆಕ್ಟರ್‌ಗೆ ಮುಖ್ಯವಾಗಿ ಎರಡೇ ಕೆಲಸ, ಕಂದಾಯ ಮತ್ತು ಶಾಂತಿಪಾಲನೆ. ಅದಕ್ಕೆ ಖಜಾನೆ, ಕೋರ್ಟು, ಜೈಲು, ದಫ್ತರ ಇಡುವ ಕೋಣೆ ಇದ್ದರೆ ಸಾಕಿತ್ತು. 1867ರಲ್ಲಿ ಪುರಸಭೆ ಬಂತು. ಆ ಕಾಲದ ಕಟ್ಟಡಗಳು ಬಹುಪಾಲು ನೆಲಕ್ಕೇ ಅಂಟಿಕೊಂಡಿರುತ್ತಿದ್ದವು. ದಪ್ಪ ಗೋಡೆ, ಎತ್ತರದ ಮಾಳಿಗೆ, ಮರದ ತೊಲೆಯ ಮೇಲೆ ಇಟ್ಟಿಗೆ ಗಾರೆ ಹಾಕಿದ ಮದ್ರಾಸ್ ತಾರಸಿ, ಸುತ್ತ ಪಡಸಾಲೆ. ಏಪ್ರಿಲ್ ಮೇನಲ್ಲಿ ಬಳ್ಳಾರಿ ಬಿಸಿಲು 40 ಡಿಗ್ರಿ ದಾಟುವಾಗ ಅಂಥ ಪಡಸಾಲೆಯಲ್ಲಿ ಕೂತವರಿಗೆ ಅದರ ಬೆಲೆ ಗೊತ್ತು. ಈಗಿನ ಗಾಜಿನ ಕಿಟಕಿಯ ಕಟ್ಟಡದಲ್ಲಿ ಫ್ಯಾನ್ ನಿಂತರೆ ಹೊರಗಿನ ಬೇವಿನ ಮರವೇ ವಾಸಿ.

ಸ್ವಾತಂತ್ರ್ಯದ ನಂತರ ಸರ್ಕಾರದ ಕೆಲಸ ಜಾಸ್ತಿ ಆಯಿತು. ಕೃಷಿ, ಸಹಕಾರ, ಸಮಾಜ ಕಲ್ಯಾಣ, ನೀರಾವರಿ, ಶಿಕ್ಷಣ. 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆದು ಕಲೆಕ್ಟರ್ ಪಕ್ಕದಲ್ಲೇ ಇನ್ನೊಂದು ಆಡಳಿತ ಹುಟ್ಟಿತು. 2004ರಲ್ಲಿ ನಗರಸಭೆ ಹೋಗಿ ಮಹಾನಗರ ಪಾಲಿಕೆ ಬಂತು. ದುಡ್ಡು ಬರುವುದು ಇಲಾಖೆ ಇಲಾಖೆಗೆ ಬೇರೆ ಬೇರೆ. ಆದ್ದರಿಂದ ಕಟ್ಟಡವೂ ಬೇರೆ ಬೇರೆ. ಜಾಗ ಸಿಕ್ಕಲ್ಲಿ ಒಂದೊಂದು, ಅಲ್ಲೂ ಸಾಲದಿದ್ದರೆ ಮೇಲೊಂದು ಮಹಡಿ.

ಹಾಗಾದರೆ ಎಲ್ಲ ಸೇರಿಸಿ ಒಂದೇ ಎತ್ತರದ ಕಟ್ಟಡ ಯಾಕೆ ಕಟ್ಟಲಿಲ್ಲ ಅಂತ ಕೇಳಬಹುದು. ಬೆಂಗಳೂರಲ್ಲಿ ಆ ದಾರಿ ಹಿಡಿದರು. ಹದಿನೆಂಟು ಇಲಾಖೆಗೆಂದು 1868ರಲ್ಲಿ ಅಠಾರಾ ಕಚೇರಿ ಮುಗಿಯಿತು, ಎದುರಿಗೆ 1956ರಲ್ಲಿ ವಿಧಾನಸೌಧ, ಅದೂ ಸಾಲದೆ ಹತ್ತಿರದಲ್ಲೇ ಇಪ್ಪತ್ತಕ್ಕೂ ಹೆಚ್ಚು ಅಂತಸ್ತಿನ ವಿಶ್ವೇಶ್ವರಯ್ಯ ಟವರ್. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1928ರಲ್ಲಿ 138 ಮೀಟರಿನ ಸಿಟಿ ಹಾಲ್ ಕಟ್ಟಿದರು. ಮಿಕ್ಕ ಕಟ್ಟಡಗಳು 150 ಅಡಿ ಮೀರಬಾರದು ಅನ್ನುವ ನಿಯಮ 1950ರ ದಶಕದವರೆಗೂ ಇತ್ತು. ಊರಿಗೆ ಪುರಸಭೆಯೇ ಎತ್ತರ. ಬಳ್ಳಾರಿಯಲ್ಲಿ ಅಂಥ ಆಸೆಗೆ ಜಾಗವಿಲ್ಲ. ಏನೇ ಕಟ್ಟಿದರೂ ಹಿಂದೆ ಬಂಡೆಗಲ್ಲಿನ ಗುಡ್ಡ ನಿಂತಿರುತ್ತದೆ. ಮುಖ್ಯ ಮಾತು ಅಂದರೆ, ಇಲ್ಲಿ ನೆಲಕ್ಕೆ ಬೆಂಗಳೂರಿನಷ್ಟು ಅಭಾವ ಇಲ್ಲ. ಅದಿರಿನ ದುಡ್ಡು ಹರಿದ ವರ್ಷಗಳಲ್ಲಿ ಖಾಸಗಿ ಹೋಟೆಲು, ಅಪಾರ್ಟ್‌ಮೆಂಟ್ ಮೇಲೆದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಆ ಉತ್ಸಾಹವೂ ಇಳಿಯಿತು.

ನನಗನ್ನಿಸುವುದು, ಒಂದೇ ಟವರ್ ಕಟ್ಟಿದ್ದರೂ ಅತ್ತೆಗೆ ಉಪಕಾರ ಆಗುತ್ತಿರಲಿಲ್ಲ. ಕೆಟ್ಟ ಲಿಫ್ಟಿಗೆ ಎರಡು ಮಹಡಿ ಆದರೇನು, ಇಪ್ಪತ್ತಾದರೇನು. ಉಪಕಾರ ಆಗಿದ್ದು ಬೇರೆ ಕಡೆಯಿಂದ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು, ಹೋಬಳಿಯಲ್ಲಿ ನಾಡಕಚೇರಿ ಬಂತು. ಕುರುಗೋಡು ತಾಲ್ಲೂಕಾದ ಮೇಲೆ ತಹಸೀಲ್ದಾರರೂ ಹತ್ತಿರಕ್ಕೆ ಬಂದರು. ಹೊಸ ಕಾಗದಕ್ಕೆಲ್ಲ ಅತ್ತೆ ಬಳ್ಳಾರಿಗೆ ಬರಬೇಕಿಲ್ಲ. ಹಳೇ ಕಾಗದಕ್ಕೆ ಮಾತ್ರ ಬರಲೇಬೇಕು. ಮದ್ರಾಸ್ ಕಾಲದ್ದು, ಊರ ಲೆಕ್ಕ ಬರೆಯುತ್ತಿದ್ದ ಕರಣಂ ಬರೆದದ್ದು, ಪಹಣಿಗೆ ಅಡಂಗಲ್ ಅನ್ನುತ್ತಿದ್ದ ದಿನಗಳದ್ದು.

ಮೇಲೆ ಹತ್ತಿ ಹೋದರೆ ಗುಮಾಸ್ತರಿಗೆ ತೆಲುಗು ಬರುವುದಿಲ್ಲ. ಓದಿಸಿಕೊಂಡು ಬನ್ನಿ ಅಂದರು. ಮತ್ತೆ ಇಳಿದೆವು. ಬೇವಿನ ಮರದ ಕೆಳಗೆ ಮುರುಕು ಮೇಜು ಹಾಕಿಕೊಂಡು ವಯಸ್ಸಾದ ಬಾಂಡ್ ರೈಟರ್ ಒಬ್ಬರು ಕೂತಿದ್ದರು. ಕನ್ನಡಕ ಏರಿಸಿ ಪತ್ರ ಬಿಡಿಸಿದರು. ಮೊದಲು ಅತ್ತೆಯ ಮಾವನ ಹೆಸರು ಬಂತು. ಅತ್ತೆ ಆ ಹೆಸರನ್ನು ಬಾಯಲ್ಲಿ ಹೇಳುವವರಲ್ಲ, ಸುಮ್ನೆ ತಲೆಯಾಡಿಸಿದರು. ಆಮೇಲೆ ಚಕ್ಕುಬಂದಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿ ದಾರಿ.

“ಆ ಬಂಡಿ ದಾರಿ ಈಗ ಎಲ್ಲೈತಪ್ಪಾ?” ಅಂದರು ಅತ್ತೆ. “ಅಲ್ಲಿ ಕಾಲುವಿ ಬಂದು ಎಷ್ಟು ವರ್ಷ ಆತು.”