ಶ್ರಮದಾನ ಕಡ್ಡಾಯ ಆಗೋದು ಹೇಗೆ?

ಮತ್ತೊಂದು ಬಂತು ನೋಡಿ. 'ಭಾನುವಾರ ಗೋಕರ್ಣ ಕಡಲತೀರದಲ್ಲಿ ಪ್ಲಾಸ್ಟಿಕ್ ಆಯುವ ಶ್ರಮದಾನ. ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ. ಗೈರಾದರೆ ಹಾಜರಾತಿ ಕಡಿತ.' ಧಾರವಾಡದ ಕಾಲೇಜೊಂದರ ಸೂಚನೆ ಇದು, ವಾಟ್ಸಾಪ್‌ನಲ್ಲಿ ತಿರುಗಿ ತಿರುಗಿ ನನ್ನ ತನಕ ಬಂದಿದೆ. ಕಸ ಆಯುವುದಕ್ಕೆ ನನ್ನ ತಕರಾರಿಲ್ಲ, ಆಯಲಿ. ಆದರೆ 'ಕಡ್ಡಾಯ'ದ ಪಕ್ಕ 'ಶ್ರಮದಾನ' ಕೂರುವುದಿಲ್ಲ.

ದಾನಪತ್ರ ಮಾಡಿಸಿದವರನ್ನು ಕೇಳಿ. ಯಾರ ಒತ್ತಾಯವೂ ಇಲ್ಲದೆ, ಸ್ವಖುಷಿಯಿಂದ ಕೊಡುತ್ತಿದ್ದೇನೆ ಅಂತ ಅದರಲ್ಲಿ ಬರೆಸುತ್ತಾರೆ. ದುಡ್ಡು ತಗೊಂಡು ಕೊಟ್ಟರೆ ಅದು ಕ್ರಯಪತ್ರ ಆಗುತ್ತದೆ. ಮನೆ ಜಾಗಕ್ಕೆ ಇಷ್ಟು ಕಟ್ಟುನಿಟ್ಟು, ಮೈದಣಿವಿಗೆ ಮಾತ್ರ ಯಾಕೆ ಸಡಿಲ?

ಅಂದಹಾಗೆ ಅದು 'ಶ್ರಮಧಾನ' ಅಲ್ಲ. ಬ್ಯಾನರುಗಳಲ್ಲಿ ಅರ್ಧಕ್ಕರ್ಧ ಹೀಗೇ ಇರುತ್ತದೆ. ನಿಧಾನ, ಸಂವಿಧಾನದಲ್ಲಿರುವ 'ಧಾನ'ಕ್ಕೆ ಇಡುವುದು ಅಂತ ಅರ್ಥ, ಕೊಡುವುದು ಅಂತ ಅಲ್ಲ. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು ವಾಪಸ್ ಬರುವವರಿಗೆ ಬೇಕಾದರೆ ಆ ಕಾಗುಣಿತ ಇರಲಿ. ಇನ್ನು ಶ್ರಮ. ಅದರ ಧಾತುವಿಗೆ ದಣಿಯುವುದು ಅಂತಲೇ ಅರ್ಥ. ವಿಶ್ರಾಂತಿ ಹುಟ್ಟಿದ್ದೂ ಅಲ್ಲಿಂದಲೇ.

ಹಾಗಾದರೆ ಕೂಲಿ ಇಲ್ಲದೆ, ಒತ್ತಾಯದಿಂದ ಮಾಡಿಸುವ ಕೆಲಸಕ್ಕೆ ಏನನ್ನಬೇಕು? ನಮ್ಮಲ್ಲಿ ಅದಕ್ಕೆ ಚೆನ್ನಾಗಿ ಬಳಸಿ ಸವೆದ ಮಾತೇ ಇದೆ: ಬಿಟ್ಟಿ. ಸಂಸ್ಕೃತದ 'ವಿಷ್ಟಿ' ಕನ್ನಡಕ್ಕೆ ಬಂದು ಬಿಟ್ಟಿ ಆಯಿತು. ರಾಜನೋ ಅಧಿಕಾರಿಯೋ ಜನರಿಂದ ಪುಕ್ಕಟೆ ಮಾಡಿಸಿಕೊಳ್ಳುತ್ತಿದ್ದ ದುಡಿಮೆ ಅದು. ಕೆರೆ ಏರಿಗೆ ಮಣ್ಣು ಹೊರುವುದು, ಸಾಹೇಬರ ಸಾಮಾನು ಹೊರುವುದು, ಇಂಥವು. ಹಳೆಯ ಶಾಸನಗಳಲ್ಲಿ ತೆರಿಗೆಗಳ ಜೊತೆಗೇ ಬಿಟ್ಟಿಯ ಹೆಸರೂ ಬರುತ್ತದೆ, ಅಂದರೆ ಜನ ಅದನ್ನು ತೆರಿಗೆಯಷ್ಟೇ ಭಾರ ಅಂತ ಎಣಿಸಿದ್ದರು. ಈಗ 'ಬಿಟ್ಟಿ ಸಿಕ್ತು' ಅಂದರೆ ಪುಕ್ಕಟೆ ಸಿಕ್ಕಿತು ಅಂತ ಖುಷಿಪಡುತ್ತೇವೆ. ದುಡಿದವನ ಸಂಕಟ ಮರೆತುಹೋಯಿತು, ಪಡೆದವನ ಲಾಭ ಮಾತ್ರ ಉಳಿಯಿತು. 'ಬಿಟ್ಟಿ ಚಾಕರಿ' ಅನ್ನುವಾಗ ಮಾತ್ರ ಹಳೆಯ ಸಿಟ್ಟು ಇನ್ನೂ ಇದೆ. ಸಂವಿಧಾನದ 23ನೇ ವಿಧಿ ಬೇಗಾರ್ ಅಂತ ಹೆಸರಿಸಿ ನಿಷೇಧ ಮಾಡಿದ್ದು ಇದೇ ಪದ್ಧತಿಯನ್ನು. ಹಾಜರಾತಿ ಕತ್ತರಿಸುತ್ತೇವೆ ಅಂತ ಹೆದರಿಸಿ ಬಸ್ ಹತ್ತಿಸುವುದು ಆ ಮಟ್ಟದ ಅಪರಾಧ ಅಂತ ಹೇಳುತ್ತಿಲ್ಲ. ಆದರೆ ದಾನಕ್ಕಿಂತ ಬಿಟ್ಟಿಗೇ ಅದು ಹತ್ತಿರ.

ಪ್ರಮಾಣಪತ್ರ ಸಿಗುತ್ತದೆ ಅಂತ ಹೋಗುವವರದು ಬೇರೆ ಲೆಕ್ಕ. ಅದು ಮುಯ್ಯಿ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಅಂತಾರಲ್ಲ, ಹಾಗೆ ಕೊಟ್ಟು ತಗೊಳ್ಳುವ ವ್ಯವಹಾರ. ಅದರಲ್ಲೇನೂ ತಪ್ಪಿಲ್ಲ. ಸುಮ್ನೆ ದಾನ ಅನ್ನಬೇಡಿ, ಅಷ್ಟೇ.

ಶ್ರಮದಾನ ಅನ್ನುವುದು ಮನೆಮಾತಾಗಿದ್ದರಲ್ಲಿ ವಿನೋಬಾ ಭಾವೆ ಅವರ ಪಾಲು ದೊಡ್ಡದು. 1951ರಲ್ಲಿ ಈಗಿನ ತೆಲಂಗಾಣದ ಪೋಚಂಪಲ್ಲಿಯಲ್ಲಿ, ಭೂಮಿ ಇದ್ದವರಿಂದ ಇಲ್ಲದವರಿಗೆ ಕೊಡಿಸುವ ಅವರ ಭೂದಾನ ಚಳವಳಿ ಶುರುವಾಯಿತು. ಭೂಮಿ ಇಲ್ಲದವನು ಏನು ಕೊಡಬೇಕು? ದುಡಿಮೆ ಕೊಡಲಿ ಅಂದರು. ಅಂದರೆ ಇದು ಬಡವನೂ ದಾನಿ ಆಗಬಹುದು ಅಂತ ಹೇಳುವ ಮಾತು. ಅದನ್ನು ಸುತ್ತೋಲೆಗೆ ಎಳೆದು ತಂದಿದ್ದೇವೆ.

ಸರಿಯಾದ ಶ್ರಮದಾನ ಬೇಕಿದ್ದರೆ ಮುಂಬೈನ ವರ್ಸೋವಾ ಕಡಲತೀರ ನೋಡಿ. 2015ರಲ್ಲಿ ವಕೀಲ ಅಫ್ರೋಜ್ ಶಾ ಅವರು ಪಕ್ಕದ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಕಸ ಎತ್ತಲು ಶುರು ಮಾಡಿದರು. ಯಾರೂ ಹೇಳಿರಲಿಲ್ಲ. ಜನ ಸೇರುತ್ತಾ ಹೋದರು, ವಾರವಾರ ಬಂದರು. 2018ರಲ್ಲಿ ಅದೇ ಮರಳಿನಲ್ಲಿ ಆಲಿವ್ ರಿಡ್ಲಿ ಆಮೆಮರಿಗಳು ಕಂಡವು.

ಒಮ್ಮೆ ಬಗ್ಗಿ ಆಯ್ದವರಿಗೆ ಶ್ರಮ ಎಲ್ಲಿದೆ ಅಂತ ಹೇಳಿಕೊಡಬೇಕಾಗಿಲ್ಲ. ಮರಳಿನಿಂದ ನೀಲಿ ನೈಲಾನ್ ಹಗ್ಗದ ತುದಿಯೊಂದು ಇಣುಕುತ್ತಿರುತ್ತದೆ. ಎಳೆದರೆ ಬರುವುದಿಲ್ಲ. ಸುತ್ತ ತೋಡಬೇಕು, ಎಳೆಯಬೇಕು, ಮತ್ತೆ ತೋಡಬೇಕು. ಕೊನೆಗೆ ಹರಿದ ಬಲೆಯ ತುಂಡೇ ಎದ್ದು ಬರುತ್ತದೆ, ಒಳಗೆ ತೊಯ್ದ ಮರಳು ತುಂಬಿ ಇಬ್ಬರು ಹಿಡಿದರೂ ಏಳದಷ್ಟು ಭಾರ. ಥರ್ಮೋಕೋಲ್ ಇನ್ನೂ ಕಿರಿಕಿರಿ. ಮುಟ್ಟಿದರೆ ಕಾಳುಕಾಳಾಗಿ ಉದುರುತ್ತದೆ, ಗ್ಲೌಸ್ ಹಾಕಿದ ಕೈಗೆ ಸಿಗುವುದಿಲ್ಲ.

ಅದಿರಲಿ, ಆಯಲು ಗೋಕರ್ಣಕ್ಕೇ ಹೋಗಬೇಕಾ? ಶಾಲ್ಮಲಾ ಹುಟ್ಟುವುದು ಧಾರವಾಡದ ಸೋಮೇಶ್ವರದಲ್ಲಿ. ಅದು ಬೇಡ್ತಿ ಸೇರಿ, ಗಂಗಾವಳಿಯಾಗಿ, ಗೋಕರ್ಣದ ಹತ್ತಿರವೇ ಸಮುದ್ರಕ್ಕೆ ಬೀಳುತ್ತದೆ. ಹುಬ್ಬಳ್ಳಿಯ ಪೂರ್ವದ ಬೆಣ್ಣಿಹಳ್ಳ ಮಲಪ್ರಭೆಗೆ ಹೋಗಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಮುಟ್ಟುತ್ತದೆ. ನಾವು ಗಟಾರಕ್ಕೆ ಒಗೆದ ಗುಟ್ಕಾ ಚೀಟಿಗೆ ಎರಡು ಸಮುದ್ರದ ದಾರಿ ತೆರೆದಿದೆ. ಬಸ್ಸಿನ ಡೀಸೆಲ್ ಉಳಿಸಿ ಇಲ್ಲಿಯ ನಾಲೆಗೇ ಇಳಿದರೂ ಸಮುದ್ರಕ್ಕೆ ಉಪಕಾರವೇ. ಫೋಟೋ ಅಷ್ಟು ಚಂದ ಬರುವುದಿಲ್ಲ, ಅದೊಂದೇ ಕೊರತೆ.

ಫೋಟೋ ಅಂದ ಮೇಲೆ ಫ್ಲೆಕ್ಸ್. 'ಪ್ಲಾಸ್ಟಿಕ್ ಮುಕ್ತ ಕಡಲು' ಅಂತ ಬರೆದ ಫ್ಲೆಕ್ಸ್ ಇರುತ್ತದಲ್ಲ, ಅದು ಪಿವಿಸಿ. ಅಂದರೆ ಪ್ಲಾಸ್ಟಿಕ್ಕೇ. ನಮ್ಮ ರಾಜ್ಯ 2016ರಲ್ಲೇ ಚೀಲ, ಲೋಟಗಳ ಜೊತೆ ಅದನ್ನೂ ನಿಷೇಧಿಸಿದೆ. ಬಟ್ಟೆ ಮೇಲೆ ಬಣ್ಣದಲ್ಲಿ ಬರೆಯುವವರು ಹುಬ್ಬಳ್ಳಿಯಲ್ಲಿ ಇನ್ನೂ ಇದ್ದಾರೆ, ಅವರಿಗೂ ನಾಲ್ಕು ಕಾಸು ಸಿಗಲಿ.

ಪೌರಕಾರ್ಮಿಕರ ವಿಷಯ ಒಂದು ಉಳಿಯಿತು. ಸ್ವಯಂಸೇವಕರು ಚೀಲ ತುಂಬಿ ರಸ್ತೆ ಬದಿಗೆ ಇಟ್ಟು ಹೋಗುತ್ತಾರೆ. ಎತ್ತುವವರು ಇವರು. ರಜೆ ದಿನ ಇವರನ್ನು ಕರೆಸಿ ಶ್ರಮದಾನದ ತಲೆಲೆಕ್ಕಕ್ಕೆ ಸೇರಿಸುವುದನ್ನು ನೋಡಿದ್ದೇನೆ. ಅವರದು ನೌಕರಿ. ಭಾನುವಾರ ಕರೆದರೆ ಭಾನುವಾರದ ಪಗಾರ ಕೊಡಬೇಕು.