ಒಂಬತ್ತು ಪರದೆ, ನಾಲ್ಕು ಕಪ್ಪು ಗೆರೆ

ದಕ್ಷಿಣ ಭಾರತದ ವಿದ್ಯುತ್ ಜಾಲವನ್ನು ಹಗಲೂ ರಾತ್ರಿ ಕಾಯುವ ಲೋಡ್ ಡಿಸ್ಪ್ಯಾಚ್ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಇಂಥ ಕಡೆ ಪಾಳಿಯಲ್ಲಿರುವ ಎಲ್ಲರ ಕಣ್ಣೂ ಒಂದು ಸಂಖ್ಯೆಯ ಮೇಲಿರುತ್ತದೆ. ಅದು ಕರೆಂಟಿನ ಆವರ್ತನ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಎಂಬ ಲೆಕ್ಕ. 50 ಹರ್ಟ್ಸ್‌ನ ಆಸುಪಾಸು, ಅಂದರೆ 49.90ರಿಂದ 50.05ರ ಒಳಗೆ ಇರಬೇಕು. ಬಳಕೆ ಜಾಸ್ತಿಯಾದರೆ ಇಳಿಯುತ್ತದೆ, ಉತ್ಪಾದನೆ ಜಾಸ್ತಿಯಾದರೆ ಏರುತ್ತದೆ. ಆ ಸಂಖ್ಯೆಯೂ ಲೈನುಗಳ ನಕ್ಷೆಯೂ ಕೋಣೆಯಲ್ಲಿರುವ ಎಲ್ಲರಿಗೂ ಒಟ್ಟಿಗೆ ಕಾಣಬೇಕು. ವಿಡಿಯೋ ವಾಲ್, ಅಂದರೆ ಹಲವು ಪರದೆಗಳನ್ನು ಒತ್ತೊತ್ತಾಗಿ ಜೋಡಿಸಿದ ಗೋಡೆ, ಬೇಕಾಗುವುದು ಇದಕ್ಕೇ.

ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಎಲ್‌ಸಿಡಿ ಪ್ಯಾನೆಲ್ (ಬಿಡಿ ಪರದೆ) ಅಂದುಕೊಳ್ಳಿ. ಒಂದು ಕೆಟ್ಟರೂ ಉಳಿದ ಎಂಟು ಉರಿಯುತ್ತವೆ, ಅದು ಲಾಭ. ನಷ್ಟವೆಂದರೆ ಪ್ಯಾನೆಲ್‌ಗಳ ಅಂಚು ಕೂಡುವಲ್ಲಿ ಅಡ್ಡ ಎರಡು, ಉದ್ದ ಎರಡು ಕಪ್ಪು ಗೆರೆ.

ಈ ಗೆರೆಯ ಕಥೆ ಸ್ವಾರಸ್ಯವಾಗಿದೆ. 55 ಇಂಚಿನ ಫುಲ್ ಎಚ್‌ಡಿ ಪ್ಯಾನೆಲ್ ಸುಮಾರು 121 ಸೆಂ.ಮೀ. ಅಗಲ. ಅಷ್ಟರಲ್ಲಿ 1920 ಪಿಕ್ಸೆಲ್, ಅಂದರೆ ಒಂದೊಂದೂ 0.63 ಮಿ.ಮೀ. ನಮ್ಮ ಕಣ್ಣು ಎರಡು ಚುಕ್ಕೆಗಳನ್ನು ಬೇರೆ ಬೇರೆ ಎಂದು ಗುರುತಿಸಲು ಅವುಗಳ ನಡುವೆ ಒಂದು ಡಿಗ್ರಿಯ 60ನೇ ಒಂದು ಪಾಲಿನಷ್ಟಾದರೂ ಅಂತರ ಬೇಕು. ಒಂದು ಮೀಟರ್ ದೂರದಲ್ಲಿ ಅದು 0.29 ಮಿ.ಮೀ. ಹಾಗಾಗಿ ಎರಡೂಕಾಲು ಮೀಟರ್ ಹಿಂದೆ ಕೂತರೆ ಪಿಕ್ಸೆಲ್‌ಗಳು ಕಲೆತುಹೋಗುತ್ತವೆ. ಇದೇ ಲೆಕ್ಕದಲ್ಲಿ 3.5 ಮಿ.ಮೀ. ಗೆರೆ 12 ಮೀಟರ್ ಆಚೆಗೆ ಮಾಯವಾಗಬೇಕು, ಅಲ್ವಾ?

ಆಗುವುದಿಲ್ಲ. ಎಷ್ಟೋ ದೂರದ ಕರೆಂಟ್ ತಂತಿ ಆಕಾಶದ ಬೆಳಕಿನೆದುರು ಹೇಗೆ ಕಾಣುತ್ತದೆ, ನೆನಪಿಸಿಕೊಳ್ಳಿ. ಎರಡು ಚುಕ್ಕೆಗಳನ್ನು ಬಿಡಿಸಿ ನೋಡುವುದು ಬೇರೆ, ಬೆಳಕಿನ ಮೇಲಿನ ಒಂಟಿ ಕಪ್ಪು ಗೆರೆಯನ್ನು ಪತ್ತೆ ಹಚ್ಚುವುದು ಬೇರೆ. ಎರಡನೆಯದರಲ್ಲಿ ಕಣ್ಣು ಎಷ್ಟೋ ಪಟ್ಟು ಚುರುಕು. ಅದಕ್ಕೇ 0.88 ಮಿ.ಮೀ. ಗೆರೆಯ ದುಬಾರಿ ಪ್ಯಾನೆಲ್ ತಂದರೂ, ಬಿಳಿ ಹಿನ್ನೆಲೆ ಹಾಕಿದ ತಕ್ಷಣ ಗೆರೆ ಹಾಜರ್. ಹಿನ್ನೆಲೆಯನ್ನು ಗಾಢ ಬಣ್ಣಕ್ಕೆ ತಿರುಗಿಸುವುದು ಖರ್ಚಿಲ್ಲದ ಮದ್ದು.

ಇನ್ನೊಂದು ಉಪಾಯವಿದೆ. ಕಿಟಕಿಯಾಚೆ ಬಸ್ಸು ಹೋಗುವಾಗ ಸರಳಿನ ಹಿಂದಿನ ತುಂಡು ಕಾಣದಿದ್ದರೂ ಬಸ್ಸು ಮುರಿದಂತೆ ಅನಿಸುವುದಿಲ್ಲ. ಹಾಗೆಯೇ ಗೆರೆಯ ಜಾಗದ ಚಿತ್ರವನ್ನು ಬೇಕೆಂತಲೇ ಬಿಟ್ಟುಬಿಟ್ಟರೆ ಓರೆ ಗೆರೆಗಳು ನೇರವಾಗಿ ಕೂಡಿಕೊಳ್ಳುತ್ತವೆ. ವಿಡಿಯೋಗೆ ಇದು ಚೆನ್ನ. ಅಂಕಿಗೆ ಅಪಾಯ. 49.90ರಲ್ಲಿ ಚುಕ್ಕೆಯೇ ಗೆರೆಯ ಹಿಂದೆ ಅಡಗಿಬಿಟ್ಟರೆ? ಆದ್ದರಿಂದ ಮುಖ್ಯ ಸಂಖ್ಯೆಯ ಪೆಟ್ಟಿಗೆ ಒಂದೇ ಪ್ಯಾನೆಲ್‌ನೊಳಗೆ ಕೂರಬೇಕು. ನನ್ನನ್ನು ಕೇಳಿದರೆ, ಪ್ಯಾನೆಲ್ ಆರ್ಡರ್ ಮಾಡುವ ಮೊದಲೇ ಇದನ್ನು ಕಾಗದದ ಮೇಲೆ ಬರೆದು ನೋಡಬೇಕು.

ಒಂದೇ ಫುಲ್ ಎಚ್‌ಡಿ ಚಿತ್ರವನ್ನು ಒಂಬತ್ತಕ್ಕೂ ಹಿಗ್ಗಿಸಿದರೆ ಪಿಕ್ಸೆಲ್ ಮೂರು ಪಟ್ಟು ಅಗಲವಾಗಿ ಅಕ್ಷರಗಳ ಅಂಚು ಒರಟಾಗುತ್ತದೆ. ಗೋಡೆಗಿರುವ 5760 × 3240 ಪಿಕ್ಸೆಲ್‌ಗಳನ್ನೂ ಬಳಸಬೇಕೆಂದರೆ ವಾಲ್ ಕಂಟ್ರೋಲರ್, ಅಂದರೆ ಚಿತ್ರವನ್ನು ಒಂಬತ್ತು ಪ್ಯಾನೆಲ್‌ಗೂ ಹಂಚಿಕೊಡುವ ಯಂತ್ರ, ಬೇಕು. ಹಣ ಉಳಿಸಲು ಹೋಗಿ ಇದನ್ನೇ ಕೈಬಿಟ್ಟರೆ ಗೋಡೆ ಸುಮ್ನೆ ದೊಡ್ಡ ಟಿವಿ ಅಷ್ಟೇ.

ಎಲ್‌ಸಿಡಿಗೆ ಇನ್ನೊಂದು ಕಷ್ಟ, ಕದಲದ ಚಿತ್ರ. ದಿನದ 24 ಗಂಟೆಯೂ ಅದೇ ನಕ್ಷೆ ನಿಂತಿದ್ದರೆ ಅದರ ನೆರಳು ಪರದೆಯಲ್ಲಿ ಉಳಿದುಬಿಡಬಹುದು. ಕಂಟ್ರೋಲ್ ರೂಮುಗಳು ಹಿಂದಿನಿಂದ ಬೆಳಕು ಬೀರುವ ಪ್ರೊಜೆಕ್ಷನ್ ಡಬ್ಬಗಳನ್ನು ಬಹುಕಾಲ ನೆಚ್ಚಿಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಜೋಡಣೆ ಶುರುವಾಗುವುದು ಕೆಳಗಿನ ಸಾಲಿನಿಂದ, ರಸಮಟ್ಟ ಹಿಡಿದು. ಅಲ್ಲಿ ಒಂದು ಮಿ.ಮೀ. ವಾಲಿದರೆ ಮೇಲಿನ ಸಾಲಿನಲ್ಲಿ ಸಂದು ಬಾಯಿ ಬಿಡುತ್ತದೆ. ನಟ್ಟನಡುವಿನ ಪ್ಯಾನೆಲ್ ಕೆಟ್ಟರೆ ಸುತ್ತಲಿನವನ್ನು ಬಿಚ್ಚದೆ ಮುಂದಕ್ಕೆ ಎಳೆಯುವಂಥ ಚೌಕಟ್ಟೂ ಬೇಕು. ಎರಡು ಮೂರು ವರ್ಷದ ಮೇಲೆ ಹಾಗೆ ಬದಲಾಯಿಸಿದ ಹೊಸ ಪ್ಯಾನೆಲ್ ಒಂದೇ ಬೆಳ್ಳಗೆ ಎದ್ದು ಕಾಣುತ್ತದೆ, ಏಕೆಂದರೆ ಉಳಿದ ಎಂಟರ ಬೆಳಕು ಅಷ್ಟರಲ್ಲಿ ಮಾಸಿರುತ್ತದೆ. ಆಗ ಬಣ್ಣ ಅಳೆಯುವ ಉಪಕರಣವನ್ನು ಪರದೆಗೆ ಹಿಡಿದು ಹೊಸದರ ಬೆಳಕನ್ನೇ ತಗ್ಗಿಸುತ್ತಾರೆ.